ಸೋಲಿನ ಲೆಕ್ಕ ಇಟ್ಟವರು

ಶಿವಮೊಗ್ಗದಲ್ಲಿ ದಸರೆಗೋ ಕೋಟೆ ಮಾರಿಕಾಂಬೆಯ ಜಾತ್ರೆಗೋ ಕುಸ್ತಿ ಇಟ್ಟಾಗ ಮಟ್ಟಿಯ ಸುತ್ತ ಎರಡು ಬಗೆಯ ಗಟ್ಟಿಗರು ಸೇರುತ್ತಾರೆ. ಹೆಸರು ಬರೆಸಿ, ಜೋಡಿ ಕಟ್ಟಿಸಿಕೊಂಡು, ಲಂಗೋಟಿ ಬಿಗಿದು ಮಣ್ಣಿಗೆ ಇಳಿಯುವವರು ಒಂದು ಬಗೆ. ಹೊರಗೆ ನಿಂತು ‘ನಾನಾಗಿದ್ರೆ ಎರಡೇ ನಿಮಿಷಕ್ಕೆ ಎತ್ತಿ ಒಗೀತಿದ್ದೆ’ ಎನ್ನುವವರು ಇನ್ನೊಂದು ಬಗೆ. ಈ ಎರಡನೆಯವರು ಗೋಪಾಳದ ಟೀ ಅಂಗಡಿಯಲ್ಲೂ ಸಿಗುತ್ತಾರೆ, ಭದ್ರಾವತಿಯ ಬಸ್ ನಿಲ್ದಾಣದಲ್ಲೂ ಸಿಗುತ್ತಾರೆ. ನೂರಮೂವತ್ತು ವರ್ಷದ ಹಿಂದೆ ಅಮೆರಿಕದ ಸಾರಾಯಿ ಅಂಗಡಿಗಳಲ್ಲೂ ತುಂಬಿದ್ದರು. ಅವರಲ್ಲಿ ಕೆಲವರಿಗೆ ನಿಜಕ್ಕೂ ಕಸುವಿದೆ, ನಾಲ್ಕಾರು ಹೊಡೆದಾಟ ಗೆದ್ದದ್ದೂ ಸುಳ್ಳಲ್ಲ. ಹಾಗಾದರೆ ಇವರಿಗೂ ಅಖಾಡದ ಪೈಲ್ವಾನರಿಗೂ, ಹಿಂದಿನ ಕಾಲದ ಹೆವಿವೇಟ್ ಬಾಕ್ಸರುಗಳಿಗೂ ಇರುವ ವ್ಯತ್ಯಾಸ ಎಂಥದು? ಮೈಯಲ್ಲಿದೆಯೇ, ಮನಸ್ಸಿನಲ್ಲಿದೆಯೇ, ಬರೀ ಹೆಸರಿನಲ್ಲಿದೆಯೇ? ಪ್ರಯೋಗಶಾಲೆಯ ಅಳತೆಗಳನ್ನೂ ಹಳೆಯ ಪಂದ್ಯಗಳ ದಾಖಲೆಯನ್ನೂ ಒಟ್ಟಿಗಿಟ್ಟು ನೋಡಿದರೆ ನನಗೆ ಕಾಣುವ ಉತ್ತರ ಇದು: ವ್ಯತ್ಯಾಸ ಮೈಯಲ್ಲೇ ಇದೆ, ಮತ್ತು ಅದನ್ನು ಮೈಗೆ ಇಳಿಸಿದ್ದು ಮತ್ತೆ ಮತ್ತೆ ಉಂಡ, ಯಾರೂ ಅಲ್ಲಗಳೆಯಲಾಗದ ಸೋಲು.

ಮೊದಲು ಅಳತೆಯಿಂದ ಶುರು ಮಾಡೋಣ. ಕುಸ್ತಿಗಿಂತ ಬಾಕ್ಸಿಂಗನ್ನು ವಿಜ್ಞಾನಿಗಳು ಹೆಚ್ಚು ಅಳೆದಿದ್ದಾರೆ, ಏಕೆಂದರೆ ಗುದ್ದು ಒಂದೇ ಕ್ಷಣದ ಘಟನೆ. ಅದನ್ನು ಯಂತ್ರಕ್ಕೆ ಹಿಡಿಸುವುದು ಸುಲಭ. 1985ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಇಂಗ್ಲೆಂಡಿನ ಹೆವಿವೇಟ್ ಬಾಕ್ಸರ್ ಫ್ರಾಂಕ್ ಬ್ರೂನೋನ ಗುದ್ದಿನ ಅಳತೆ ಪ್ರಕಟವಾಯಿತು. ತೂಗುಬಿಟ್ಟ, ಮೆತ್ತೆ ಸುತ್ತಿದ ಒಂದು ಭಾರಕ್ಕೆ ಅವನು ಗುದ್ದಿದ. ಮುಷ್ಟಿ ಸುಮಾರು ಅರ್ಧ ಮೀಟರ್ ದೂರವನ್ನು ಒಂದು ಸೆಕೆಂಡಿನ ಹತ್ತನೆಯ ಒಂದು ಪಾಲಿನಲ್ಲಿ ಕ್ರಮಿಸಿತು. ತಾಗುವ ಹೊತ್ತಿಗೆ ಅದರ ವೇಗ ಸೆಕೆಂಡಿಗೆ 8.9 ಮೀಟರ್, ಅಂದರೆ ಗಂಟೆಗೆ 32 ಕಿಲೋಮೀಟರ್. ತಾಗಿದ ಬಲ 4096 ನ್ಯೂಟನ್, ಹೆಚ್ಚುಕಡಿಮೆ 400 ಕಿಲೋ ತೂಕದಷ್ಟು. ಆರು ಕಿಲೋದ ಮರದ ಕೊಡತಿಗೆ ಬಟ್ಟೆ ಸುತ್ತಿ ಅದೇ ವೇಗದಲ್ಲಿ ಬೀಸಿದರೆ ಆಗುವಷ್ಟು ಪೆಟ್ಟು ಎಂದು ಆ ಸಂಶೋಧಕರೇ ಲೆಕ್ಕ ಹಾಕಿದರು. ಓದುವವರ ಕಣ್ಣು ಸಾಮಾನ್ಯವಾಗಿ ಈ ಬಲದ ಅಂಕಿಯ ಮೇಲೆ ನಿಲ್ಲುತ್ತದೆ. ನನಗೆ ಅದಕ್ಕಿಂತ ಮುಖ್ಯವಾಗಿ ತೋರುವುದು ಸಮಯದ ಅಂಕಿ. ಕಣ್ಣಿಗೆ ಏನಾದರೂ ಕಂಡು, ಮಿದುಳು ಅದನ್ನು ಗುರುತಿಸಿ, ಸ್ನಾಯುವಿಗೆ ಆಜ್ಞೆ ಹೋಗಿ, ಮೈ ಅಲುಗಲು ಆರೋಗ್ಯವಂತ ಮನುಷ್ಯನಿಗೆ ಸೆಕೆಂಡಿನ ಐದನೆಯ ಒಂದು ಪಾಲು ಬೇಕು. ಗುದ್ದು ಬರಲು ಹಿಡಿಯುವುದು ಅದರ ಅರ್ಧ. ಹೊರಟ ಮುಷ್ಟಿಯನ್ನು ನೋಡಿ ತಪ್ಪಿಸಿಕೊಳ್ಳುವುದು ಯಾರ ಕೈಲೂ ಆಗದ ಮಾತು, ಜಗತ್ತಿನ ಚಾಂಪಿಯನ್ನನ ಕೈಲೂ.

ಆದರೂ ಒಳ್ಳೆಯ ಬಾಕ್ಸರುಗಳು ಗುದ್ದುಗಳನ್ನು ತಪ್ಪಿಸಿಕೊಳ್ಳುತ್ತಾರೆ. ಅವರು ನೋಡುವುದು ಮುಷ್ಟಿಯನ್ನಲ್ಲ. ಎದುರಾಳಿಯ ಹಿಂಗಾಲಿನ ಹಿಮ್ಮಡಿ ನೆಲದಿಂದ ಏಳುವುದು, ಸೊಂಟ ಒಂದಿಷ್ಟು ತಿರುಗುವುದು, ಭುಜ ಇಳಿಯುವುದು, ಮೊಳಕೈ ಪಕ್ಕೆಯಿಂದ ದೂರವಾಗುವುದು: ಇವೆಲ್ಲ ಮುಷ್ಟಿ ಹೊರಡುವ ಮೊದಲೇ ನಡೆಯುತ್ತವೆ. ಈ ಸುಳಿವನ್ನು ಓದಿದವನ ತಲೆ ಗುದ್ದು ಹೊರಡುವ ಹೊತ್ತಿಗೆ ಆಗಲೇ ಸರಿದಿರುತ್ತದೆ. ಕುಸ್ತಿಯವರು ಇದನ್ನೇ ಕೈಯಲ್ಲಿ ಓದುತ್ತಾರೆ. ಎದುರಾಳಿಯ ಕುತ್ತಿಗೆಯ ಮೇಲೆ ಇಟ್ಟ ಅಂಗೈಗೆ, ಅವನು ಯಾವ ಕಾಲಿನ ಮೇಲೆ ಭಾರ ಹಾಕುತ್ತಿದ್ದಾನೆ, ಯಾವ ಪಟ್ಟಿಗೆ ತಯಾರಾಗುತ್ತಿದ್ದಾನೆ ಎಂಬುದು ಗೊತ್ತಾಗುತ್ತದೆ. ಈ ಓದು ಪುಸ್ತಕದಿಂದ ಬರುವುದಿಲ್ಲ, ಕನ್ನಡಿಯ ಮುಂದೆ ಅಭ್ಯಾಸ ಮಾಡಿದರೂ ಬರುವುದಿಲ್ಲ. ತಪ್ಪಾಗಿ ಓದಿದ ಪ್ರತಿ ಸಲವೂ ಮೂತಿಗೆ ಗುದ್ದು ಬೀಳಬೇಕು ಅಥವಾ ಬೆನ್ನು ಮಣ್ಣಿಗೆ ತಾಗಬೇಕು. ಆಗಷ್ಟೇ ಮಿದುಳು ಯಾವ ಸುಳಿವು ನಿಜ, ಯಾವುದು ಹುಸಿ ಎಂದು ಬೇರ್ಪಡಿಸುತ್ತದೆ. ಬೀದಿಯ ಹೊಡೆದಾಟದಲ್ಲಿ ಇದಕ್ಕೆ ಅವಕಾಶವೇ ಇಲ್ಲ. ಅಲ್ಲಿ ಹೆಚ್ಚಾಗಿ ಗೆಲ್ಲುವವನು ಮೊದಲು ಕೈ ಎತ್ತಿದವನು, ಎದುರಿನವನು ತಯಾರಾಗುವ ಮುಂಚೆ ಹೊಡೆದವನು. ಅಂಥ ಗೆಲುವು ನೂರು ಬಂದರೂ, ತನ್ನ ಮೇಲೆ ಬರುತ್ತಿರುವ ಗುದ್ದನ್ನು ಓದುವ ವಿದ್ಯೆ ಒಂದು ಗುಲಗಂಜಿಯಷ್ಟೂ ಬೆಳೆಯುವುದಿಲ್ಲ.

ಹೊಡೆಯುವ ವಿದ್ಯೆಯಲ್ಲೂ ಅಷ್ಟೇ. ಸೋವಿಯತ್ ಸಂಶೋಧಕರು ಬಾಕ್ಸರುಗಳ ಗುದ್ದಿನ ಬಲ ಮೈಯ ಯಾವ ಭಾಗದಿಂದ ಎಷ್ಟು ಬರುತ್ತದೆ ಎಂದು ಬಿಡಿಸಿ ನೋಡಿದ್ದರು. ಪಳಗಿದವರಲ್ಲಿ ಬಲದ ಶೇಕಡಾ 38ರಷ್ಟು ಕಾಲು ನೆಲವನ್ನು ಒತ್ತುವುದರಿಂದ ಬರುತ್ತಿತ್ತು, ಕೈ ಚಾಚುವುದರಿಂದ ಬರುತ್ತಿದ್ದುದು ಶೇಕಡಾ 24 ಮಾತ್ರ. ಹೊಸಬರಲ್ಲಿ ಲೆಕ್ಕ ತಿರುಗುಮುರುಗು: ಕೈಯ ಪಾಲು ಶೇಕಡಾ 38ರ ಹತ್ತಿರ, ಕಾಲಿನ ಪಾಲು ಶೇಕಡಾ 17ನ್ನೂ ಮುಟ್ಟದು. ತೋಳಿನ ದಪ್ಪ ನೋಡಿ ಗುದ್ದಿನ ತೂಕ ಅಂದಾಜು ಮಾಡುವವರು ಏಕೆ ಮೋಸ ಹೋಗುತ್ತಾರೆ ಎಂಬುದಕ್ಕೆ ಇದಕ್ಕಿಂತ ಚೊಕ್ಕ ವಿವರಣೆ ಬೇಕಿಲ್ಲ. ಜೊತೆಗೆ, ಪಳಗದವನು ಮುಷ್ಟಿಯನ್ನು ಬೀಸಿ ಹೊಡೆಯುವುದರಿಂದ ಪೆಟ್ಟು ಕಿರುಬೆರಳಿನ ಬುಡದ ಮೂಳೆಗೆ ಬೀಳುತ್ತದೆ. ಅಲ್ಲಿ ಆಗುವ ಮುರಿತಕ್ಕೆ ಮೂಳೆ ವೈದ್ಯರು ಬಾಕ್ಸರನ ಹೆಸರನ್ನೇ ಇಟ್ಟಿದ್ದಾರೆ, ಆದರೆ ಆಸ್ಪತ್ರೆಗೆ ಅದನ್ನು ಹಿಡಿದುಕೊಂಡು ಬರುವವರಲ್ಲಿ ಹೆಚ್ಚಿನವರು ಗೋಡೆಗೋ ಬಾಗಿಲಿಗೋ ಇನ್ನೊಬ್ಬನ ತಲೆಬುರುಡೆಗೋ ಗುದ್ದಿದ ಸಾಮಾನ್ಯರು.

ಇನ್ನು ದಮ್ಮಿನ ವಿಷಯ. ಸ್ನಾಯುವಿನಲ್ಲಿ ತಕ್ಷಣಕ್ಕೆ ಒದಗುವ ಇಂಧನ ಫಾಸ್ಫೋಕ್ರಿಯಾಟಿನ್. ಪೂರ್ತಿ ಬಲ ಹಾಕಿದರೆ ಅದು ಸುಮಾರು ಹತ್ತು ಸೆಕೆಂಡಿಗೆ ತೀರುತ್ತದೆ. ಆಮೇಲೆ ಆಮ್ಲಜನಕವಿಲ್ಲದೆ ಸಕ್ಕರೆ ಒಡೆಯುವ ವ್ಯವಸ್ಥೆ ಮುಂದೆ ಬರುತ್ತದೆ; ಅದರಿಂದ ಸ್ನಾಯುವಿನಲ್ಲಿ ಆಮ್ಲೀಯತೆ ಏರಿ, ನಿಮಿಷದೊಳಗೆ ತೋಳು ಸೀಸದಂತೆ ಭಾರವಾಗುತ್ತದೆ. ಮೂರನೆಯ ನಿಮಿಷಕ್ಕೂ ಕೈ ಎದೆಯ ಮಟ್ಟದಲ್ಲಿ ನಿಲ್ಲಬೇಕಾದರೆ ಹೃದಯ, ಶ್ವಾಸಕೋಶ, ರಕ್ತನಾಳಗಳು ತಿಂಗಳುಗಟ್ಟಲೆ ಪಳಗಿರಬೇಕು. ಬೀದಿ ಜಗಳ ಹೆಚ್ಚಾಗಿ ಅರ್ಧ ನಿಮಿಷಕ್ಕೆ ಮುಗಿಯುತ್ತದೆ, ಅಷ್ಟರಲ್ಲಿ ಯಾರಾದರೂ ಬಿಡಿಸುತ್ತಾರೆ. ತನ್ನ ದಮ್ಮು ಎಷ್ಟು ಎಂಬುದು ಅಲ್ಲಿ ಪರೀಕ್ಷೆಗೇ ಬರುವುದಿಲ್ಲ. ಗರಡಿಯಲ್ಲಿ ಸಾವಿರಾರು ಬಸ್ಕಿ, ದಂಡ ಹೊಡೆಸಿ, ಮಟ್ಟಿಯನ್ನು ಗುದ್ದಲಿಯಿಂದ ಅಗೆಸಿ, ಆಮೇಲೆ ಜೋರು, ಅಂದರೆ ಜೋಡಿ ಕುಸ್ತಿಯ ಅಭ್ಯಾಸ, ಮಾಡಲು ಬಿಡುವ ಹಳೆಯ ಪದ್ಧತಿಯ ಬೆಲೆ ತಿಳಿಯುವುದು ಇಲ್ಲಿ.

ಈಗ ಇತಿಹಾಸಕ್ಕೆ ಬರೋಣ, ಏಕೆಂದರೆ ಈ ಎರಡು ಬಗೆಯವರನ್ನು ಎದುರುಬದುರು ನಿಲ್ಲಿಸಿದ ಪ್ರಯೋಗವೊಂದು ನಿಜಕ್ಕೂ ನಡೆದಿದೆ. ಬಾಸ್ಟನ್ನಿನ ಜಾನ್ ಎಲ್. ಸಲಿವನ್ 1882ರಲ್ಲಿ ಹೆವಿವೇಟ್ ಚಾಂಪಿಯನ್ ಆದ. 1883ರ ಸೆಪ್ಟೆಂಬರಿನಿಂದ 1884ರ ಮೇವರೆಗೆ ಅವನು ಅಮೆರಿಕದ ನೂರಕ್ಕೂ ಹೆಚ್ಚು ಊರುಗಳನ್ನು ಸುತ್ತಿದ. ನನ್ನೆದುರು ನಾಲ್ಕು ಸುತ್ತು ನಿಂತರೆ ಹಣ ಕೊಡುತ್ತೇನೆ, ಯಾರು ಬೇಕಾದರೂ ಬನ್ನಿ ಎಂದು ಪ್ರತಿ ಊರಲ್ಲೂ ಡಂಗುರ. ಗಣಿಯ ಕೂಲಿಗಳು, ಮರ ಕಡಿಯುವವರು, ರೈಲ್ವೆಯವರು, ಊರ ಪುಂಡರು ತುಂಬಿದ ಸಭೆ. ಪ್ರತಿ ಊರಿಗೂ ತನ್ನದೇ ಆದ ಒಬ್ಬ ಅಜೇಯ ಗಟ್ಟಿಗ ಇದ್ದೇ ಇದ್ದ. ಆದರೆ ವೇದಿಕೆ ಹತ್ತಿದವರು ಬಹಳ ಕಡಿಮೆ, ಹತ್ತಿದವರಲ್ಲಿ 11 ಮಂದಿಯನ್ನು ಸಲಿವನ್ ಎಚ್ಚರ ತಪ್ಪಿಸಿ ಮಲಗಿಸಿದ. ಅಂದಿನ ಕೂಲಿಕಾರ ಇಂದಿನ ಜಿಮ್ ಹುಡುಗನಿಗಿಂತ ಕಡಿಮೆ ಬಲದವನೇನೂ ಆಗಿರಲಿಲ್ಲ ಎಂಬುದನ್ನು ಇಲ್ಲಿ ಗಮನಿಸಬೇಕು.

ಸಲಿವನ್ನನ ಕಥೆ ಇಲ್ಲಿಗೇ ಮುಗಿದಿದ್ದರೆ ಚಾಂಪಿಯನ್ನರು ಬೇರೆಯೇ ಜಾತಿಯ ಮನುಷ್ಯರು ಎನ್ನಬಹುದಿತ್ತು. ಮುಂದಿನ ಭಾಗ ಇನ್ನೂ ಹೆಚ್ಚು ಕಲಿಸುತ್ತದೆ. 1889ರ ಜುಲೈ 8ರಂದು ಮಿಸಿಸಿಪಿಯ ಸುಡುಬಿಸಿಲಿನಲ್ಲಿ ಅವನು ಜೇಕ್ ಕಿಲ್ರೇನ್‌ನನ್ನು ಬರಿಗೈ ಕಾಳಗದಲ್ಲಿ 75 ಸುತ್ತು, ಎರಡು ಗಂಟೆ ಹದಿನಾರು ನಿಮಿಷ ಹೋರಾಡಿ ಸೋಲಿಸಿದ. ಆಮೇಲೆ ಮೂರು ವರ್ಷ ಪಟ್ಟವನ್ನು ಪಣಕ್ಕೇ ಇಡಲಿಲ್ಲ. ಕುಡಿತ, ನಾಟಕ, ಮೆರವಣಿಗೆಗಳಲ್ಲಿ ಕಳೆದ. ಆ ಕಾಲದಲ್ಲಿ ಅವನಿಗೆ ಸಮನಾದ ಎದುರಾಳಿ ಪೀಟರ್ ಜಾಕ್ಸನ್ ಎಂಬ ಕಪ್ಪು ವರ್ಣದ ಬಾಕ್ಸರ್. ಕಪ್ಪು ಜನರೊಡನೆ ಆಡುವುದಿಲ್ಲ ಎಂದು ಸಲಿವನ್ ಅವನನ್ನು ದೂರವಿಟ್ಟ. ಇತ್ತ ಸ್ಯಾನ್ ಫ್ರಾನ್ಸಿಸ್ಕೋದ ಬ್ಯಾಂಕ್ ಗುಮಾಸ್ತನಾಗಿದ್ದ, ಕ್ಲಬ್ಬಿನಲ್ಲಿ ಬಾಕ್ಸಿಂಗ್ ಕಲಿತ ಜೇಮ್ಸ್ ಕಾರ್ಬೆಟ್ 1891ರಲ್ಲಿ ಅದೇ ಜಾಕ್ಸನ್ನನ ಎದುರು 61 ಸುತ್ತು ನಿಂತ. ಪಂದ್ಯ ತೀರ್ಮಾನವಾಗಲಿಲ್ಲ, ಆದರೆ ಕಾರ್ಬೆಟ್ ತನ್ನ ಮಟ್ಟ ಏನೆಂದು ತಿಳಿದುಕೊಂಡ. 1892ರ ಸೆಪ್ಟೆಂಬರ್ 7ರಂದು ನ್ಯೂ ಆರ್ಲಿಯನ್ಸ್‌ನಲ್ಲಿ ಸಲಿವನ್ ಮತ್ತು ಕಾರ್ಬೆಟ್ ಎದುರಾದರು. 21ನೇ ಸುತ್ತಿನಲ್ಲಿ ಸಲಿವನ್ ನೆಲಕ್ಕೆ ಬಿದ್ದು ಏಳಲಿಲ್ಲ. ಮೂರು ವರ್ಷ ಪರೀಕ್ಷೆಯಿಂದ ತಪ್ಪಿಸಿಕೊಂಡು, ಕಷ್ಟದ ಎದುರಾಳಿಯನ್ನು ಬಿಟ್ಟು, ಹೊಗಳುವವರ ನಡುವೆ ಕುಳಿತ ಚಾಂಪಿಯನ್, ತಾನು ಊರೂರಲ್ಲಿ ಮಲಗಿಸಿದ್ದ ಗಟ್ಟಿಗರ ಸ್ಥಿತಿಗೇ ಬಂದಿದ್ದ. ಪಟ್ಟ ಅವನ ಬಳಿ ಇತ್ತು, ತನ್ನ ಬಗೆಗಿನ ಸರಿಯಾದ ಮಾಹಿತಿ ಇರಲಿಲ್ಲ. ವರ್ಣಭೇದ ಜಾಕ್ಸನ್ನನಿಗೆ ಮಾಡಿದ್ದು ಘೋರ ಅನ್ಯಾಯ. ಪಟ್ಟಕ್ಕೆ ಆಡುವ ಒಂದು ಅವಕಾಶವೂ ಸಿಗದೆ ಅವನು ತೀರಿಕೊಂಡ. ಅದೇ ಭೇದಬುದ್ಧಿ ಸಲಿವನ್ನನಿಂದಲೂ ಒಂದು ಪಾಠವನ್ನು ಕಸಿದಿತ್ತು.

ಸ್ವಯಂಘೋಷಿತ ಗಟ್ಟಿಗನ ಮನಸ್ಸಿನಲ್ಲಿ ನಡೆಯುವುದು ಸುಳ್ಳು ಹೇಳುವ ಚಟ ಎಂದು ತಳ್ಳಿಹಾಕುವುದು ತಪ್ಪು. ಅವನು ಹೆಚ್ಚಾಗಿ ನಂಬಿಯೇ ಮಾತಾಡುತ್ತಾನೆ. ಅವನ ಬಳಿ ಇರುವ ಪುರಾವೆಯೇ ಹಾಗಿದೆ. ಎದುರಾಳಿಯನ್ನು ಆಯ್ದವನು ಅವನೇ: ತನಗಿಂತ ಸಣ್ಣವನು, ಕುಡಿದವನು, ಹೆದರಿದವನು. ಹೊತ್ತನ್ನೂ ಜಾಗವನ್ನೂ ಆಯ್ದವನೂ ಅವನೇ. ಸೋಲುವಂತೆ ಕಂಡರೆ ಸ್ನೇಹಿತರು ನಡುವೆ ಬರುತ್ತಾರೆ, ಆ ಜಗಳ ಲೆಕ್ಕದಿಂದ ಬಿಟ್ಟುಹೋಗುತ್ತದೆ. ಹೀಗೆ ಸೋಸಿ ಉಳಿದ ನೆನಪುಗಳಲ್ಲಿ ಬರೀ ಗೆಲುವೇ ಇದ್ದರೆ ಆಶ್ಚರ್ಯವಿಲ್ಲ. 1999ರಲ್ಲಿ ಅಮೆರಿಕದ ಮನೋವಿಜ್ಞಾನಿಗಳಾದ ಡೇವಿಡ್ ಡನಿಂಗ್ ಮತ್ತು ಜಸ್ಟಿನ್ ಕ್ರೂಗರ್ ತರ್ಕ, ವ್ಯಾಕರಣ, ಹಾಸ್ಯಪ್ರಜ್ಞೆಗಳ ಪರೀಕ್ಷೆ ನಡೆಸಿ, ಅತಿ ಕಡಿಮೆ ಅಂಕ ಪಡೆದ ಕಾಲುಭಾಗ ಜನ ತಮ್ಮನ್ನು ಸರಾಸರಿಗಿಂತ ಮೇಲಿಟ್ಟುಕೊಂಡದ್ದನ್ನು ತೋರಿಸಿದರು. ಇದರ ಒಂದಂಶ ಅಂಕಿಸಂಖ್ಯೆಯ ಆಟದಿಂದ ಬಂದದ್ದು ಎಂಬ ಆಕ್ಷೇಪವಿದೆ, ಅದರಲ್ಲಿ ಹುರುಳೂ ಇದೆ. ಆದರೆ ನನ್ನ ವಾದ ಆ ಪ್ರಯೋಗದ ಮೇಲೆ ನಿಂತಿಲ್ಲ. ಪುಂಡನನ್ನು ದಡ್ಡ ಎನ್ನಬೇಕಾಗಿಲ್ಲ. ಅವನಿಗೆ ಸಿಗುವ ಮಾಹಿತಿ ಒಂದೇ ಕಡೆಯದು ಎಂದರೆ ಸಾಕು. ಅಂಥ ಮಾಹಿತಿಯಿಂದ ಎಷ್ಟು ಬುದ್ಧಿವಂತನಾದರೂ ತಪ್ಪು ತೀರ್ಮಾನಕ್ಕೇ ಬರುತ್ತಾನೆ. ಅದೇ ಬಾಕ್ಸರನ ದಾಖಲೆಯಲ್ಲಿ ಸೋಲಿಗೆ ದಿನಾಂಕವಿದೆ, ಊರಿದೆ, ಎಷ್ಟನೇ ಸುತ್ತು ಎಂಬುದಿದೆ.

ಚಾಂಪಿಯನ್ನರೂ ಜಂಬ ಕೊಚ್ಚುತ್ತಾರಲ್ಲ, ಮುಹಮ್ಮದ್ ಅಲಿಗಿಂತ ದೊಡ್ಡ ಬಾಯಿ ಯಾರದು ಎಂದು ಕೇಳಬಹುದು. ನಿಜ. ಸಲಿವನ್ ಸಾರಾಯಿ ಅಂಗಡಿಯೊಳಗೆ ನುಗ್ಗಿ ಇಲ್ಲಿರುವ ಯಾರನ್ನಾದರೂ ಬಡಿಯಬಲ್ಲೆ ಎಂದು ಕೂಗುತ್ತಿದ್ದ. 1910ರಲ್ಲಿ ಲಂಡನ್ನಿಗೆ ಹೋದ ನಮ್ಮ ಗಾಮಾ ಪೈಲ್ವಾನ್ ಎಲ್ಲರಿಗೂ ಬಹಿರಂಗ ಸವಾಲು ಹಾಕಿದ. ಆದರೆ ಅಲಿಯ ಮಾತಿನ ಹಿಂದೆ ಪಂದ್ಯದ ದಿನಾಂಕ ಇರುತ್ತಿತ್ತು. ಮಾತು ಸುಳ್ಳಾದರೆ ಲೋಕವೇ ನೋಡುತ್ತಿತ್ತು. 1971ರಲ್ಲಿ ಜೋ ಫ್ರೇಜಿಯರ್ ಎದುರು ಸುಳ್ಳಾಯಿತು ಕೂಡ. ಆ ಸೋಲು ಕಂಡವನೇ 1974ರಲ್ಲಿ ಕಿನ್ಶಾಸಾದಲ್ಲಿ ಹಗ್ಗಕ್ಕೆ ಒರಗಿ, ಜಾರ್ಜ್ ಫೋರ್‌ಮನ್‌ನನ್ನು ಗುದ್ದಿ ಗುದ್ದಿ ದಣಿಯಲು ಬಿಟ್ಟು, ಎಂಟನೇ ಸುತ್ತಿನಲ್ಲಿ ಕೆಡವಿದ. ಗಾಮಾನ ಎದುರು 1910ರ ಸೆಪ್ಟೆಂಬರ್ 10ರಂದು ಪೋಲೆಂಡಿನ ಝ್ಬಿಸ್ಕೋ ಎರಡೂವರೆ ಗಂಟೆ ನೆಲ ಕಚ್ಚಿಕೊಂಡೇ ಉಳಿದ, ವಾರದ ನಂತರದ ಮರುಪಂದ್ಯಕ್ಕೆ ಬರಲೇ ಇಲ್ಲ.

ಮೈಕಟ್ಟೇ ಎಲ್ಲ ಎನ್ನುವ ಆಕ್ಷೇಪ ಇದಕ್ಕಿಂತ ಗಟ್ಟಿಯಾದದ್ದು. ಭದ್ರಾವತಿಯಂಥ ಊರಿನಲ್ಲಿ ಇದನ್ನು ಹಗುರವಾಗಿ ನೋಡಲಾಗದು. 1923ರಲ್ಲಿ ಅಲ್ಲಿ ಕಬ್ಬಿಣದ ಕಾರ್ಖಾನೆ ಉತ್ಪಾದನೆ ಶುರು ಮಾಡಿದಾಗಿನಿಂದ ಕುಲುಮೆಯ ಮುಂದೆ ದುಡಿದ ತೋಳುಗಳ ಬಲ ಯಾವ ಜಿಮ್ಮಿನಲ್ಲೂ ಸಿಗದು; ಶಿವಮೊಗ್ಗದ ಮಂಡಿಯಲ್ಲಿ ಅಡಿಕೆ ಮೂಟೆ ಹೊರುವ ಹಮಾಲಿಯ ಬೆನ್ನೂ ಹಾಗೆಯೇ. ಬಾಕ್ಸಿಂಗ್ ಇತಿಹಾಸವೂ ದುಡಿಮೆಯ ಬಲಕ್ಕೆ ಸಾಕ್ಷಿ ಹೇಳುತ್ತದೆ: 1897ರಲ್ಲಿ ಕಾರ್ಬೆಟ್‌ನನ್ನು ಹೊಟ್ಟೆಯ ಮೇಲ್ಭಾಗದ ಒಂದೇ ಗುದ್ದಿನಿಂದ ಕೆಡವಿದ ಬಾಬ್ ಫಿಟ್ಜ್‌ಸಿಮನ್ಸ್ ಕಮ್ಮಾರ, ಅವನ ನಂತರದ ಚಾಂಪಿಯನ್ ಜೆಫ್ರೀಸ್ ಬಾಯ್ಲರ್ ಕೆಲಸಗಾರ. ಆದರೆ ಅವರ ಕಾಲದಲ್ಲಿ ಕಮ್ಮಾರರು ಊರಿಗೊಬ್ಬರಂತೆ ಇದ್ದರು. ಅವರ ಪೈಕಿ ಚಾಂಪಿಯನ್ ಆದವನು ರಿಂಗಿಗೆ ಇಳಿದ ಕಮ್ಮಾರ. ದುಡಿಮೆ ಕೊಟ್ಟ ಕಸುವನ್ನು ಪಂದ್ಯ ಪಟ್ಟಾಗಿಸಿತು. ಗಾತ್ರದ ವಿಷಯಕ್ಕೆ ಬಂದರೆ, 1919ರಲ್ಲಿ 85 ಕಿಲೋದ ಜಾಕ್ ಡೆಂಪ್ಸಿ 111 ಕಿಲೋದ ಜೆಸ್ ವಿಲರ್ಡ್‌ನನ್ನು ಮೊದಲ ಸುತ್ತಿನಲ್ಲೇ ಏಳು ಸಲ ಕೆಡವಿದ. ಇನ್ನೂ ಹತ್ತಿರದ ಉದಾಹರಣೆ 2002ರದು. ತರಬೇತಿಯಿಲ್ಲದ ಗಟ್ಟಿಗರಿಗೆಂದೇ ನಡೆಯುವ ‘ಟಫ್‌ಮ್ಯಾನ್’ ಪಂದ್ಯಗಳಿಂದ ಮೇಲೆ ಬಂದು, ನಾಲ್ಕು ಸುತ್ತಿನ ವೃತ್ತಿ ಪಂದ್ಯಗಳಲ್ಲಿ ಜನಪ್ರಿಯನಾಗಿದ್ದ, 150 ಕಿಲೋ ಆಸುಪಾಸಿನ ‘ಬಟರ್‌ಬೀನ್’ ಎರಿಕ್ ಎಶ್, ಮಾಜಿ ಚಾಂಪಿಯನ್ ಲ್ಯಾರಿ ಹೋಮ್ಸ್‌ನ ಎದುರು ನಿಂತ. ಹೋಮ್ಸ್‌ಗೆ ಆಗ 52 ವರ್ಷ, ಪಟ್ಟ ಕಳೆದುಕೊಂಡು 17 ವರ್ಷ. ಹತ್ತು ಸುತ್ತು ಆಡಿ ಹೋಮ್ಸ್ ತೀರ್ಪುಗಾರರ ಒಮ್ಮತದಿಂದ ಗೆದ್ದ. ಎಶ್ ಪುಂಡನಲ್ಲ, ಕಷ್ಟಪಟ್ಟು ಆಡಿದವನು. ಅವನ ಬಲ, ಎದೆಗಾರಿಕೆ ಎರಡೂ ನಿಜ. ಆ ಎರಡಕ್ಕೂ ಮುದುಕನಾಗುತ್ತಿದ್ದ ಬಾಕ್ಸರನ ಎಡಗೈಯ ನೇರ ಗುದ್ದನ್ನು ದಾಟಿ ಒಳಗೆ ಬರಲಾಗಲಿಲ್ಲ.

ಬೀದಿಯಲ್ಲಿ ನಿಯಮವಿಲ್ಲ, ಅಲ್ಲಿ ಬಾಕ್ಸರನ ಆಟ ನಡೆಯದು ಎಂಬುದು ಕೊನೆಯ ಆಕ್ಷೇಪ. ಇದರಲ್ಲಿ ಅರ್ಧ ಸತ್ಯವಿದೆ. 1993ರ ನವೆಂಬರ್ 12ರಂದು ಡೆನ್ವರ್‌ನಲ್ಲಿ ಬಹುಮಟ್ಟಿಗೆ ನಿಯಮವಿಲ್ಲದ ಮೊದಲ ಯುಎಫ್‌ಸಿ ಪಂದ್ಯಾವಳಿ ನಡೆಯಿತು. ಒಂದೇ ಗ್ಲೌಸ್ ತೊಟ್ಟು ಬಂದ ಬಾಕ್ಸರ್ ಆರ್ಟ್ ಜಿಮರ್ಸನ್ ನೆಲಕ್ಕೆ ಬಿದ್ದ ಮೇಲೆ ಏನೂ ತೋಚದೆ ಸೋಲೊಪ್ಪಿದ. ಆದರೆ ಅವನನ್ನು ಸೋಲಿಸಿ, ಇಡೀ ಪಂದ್ಯಾವಳಿ ಗೆದ್ದವನು ಯಾರು? 80 ಕಿಲೋದ, ನೋಡಲು ಸಾಧಾರಣನಾದ ರಾಯ್ಸ್ ಗ್ರೇಸಿ. ಚಿಕ್ಕಂದಿನಿಂದ ಮನೆಯವರೊಡನೆ ಜುಜುತ್ಸು ಆಡಿ, ಸೋತು, ಗೆದ್ದು ಬೆಳೆದ ಬ್ರೆಜಿಲ್‌ನವನು. ಪರೀಕ್ಷೆಗೊಳಗಾದ ಒಂದು ವಿದ್ಯೆಯನ್ನು ಸೋಲಿಸಿದ್ದು ಪರೀಕ್ಷೆಗೊಳಗಾದ ಇನ್ನೊಂದು ವಿದ್ಯೆ. ಮಚ್ಚು, ಬಾಟಲಿ, ನಾಲ್ಕು ಜನರ ಗುಂಪು ಬಂದರೆ ಯಾವ ಚಾಂಪಿಯನ್ನನೂ ಉಳಿಯದಿರಬಹುದು, ಒಪ್ಪುತ್ತೇನೆ. ಅದು ಕೊಲೆಯ ಸಾಧ್ಯತೆ. ಅದರಿಂದ ಮಚ್ಚು ಹಿಡಿದವನ ಬಲ ಏನೂ ತಿಳಿಯುವುದಿಲ್ಲ. ಬೀದಿ ಹೊಡೆದಾಟದ ಸಾವುಗಳಲ್ಲಿ ಹಲವು, ಒಂದೇ ಗುದ್ದಿಗೆ ಬಿದ್ದವನ ತಲೆ ಕಾಂಕ್ರೀಟಿಗೆ ಬಡಿದು ಆದವು. ಹೊಡೆದವನ ಉದ್ದೇಶಕ್ಕೂ ಶಕ್ತಿಗೂ ಆ ಪರಿಣಾಮಕ್ಕೂ ಸಂಬಂಧವೇ ಇರುವುದಿಲ್ಲ.

ಇಲ್ಲಿ ಬಾಕ್ಸಿಂಗಿನ ಬೆಲೆಯನ್ನೂ ಹೇಳಲೇಬೇಕು. 1928ರಲ್ಲೇ ಅಮೆರಿಕದ ವೈದ್ಯ ಹ್ಯಾರಿಸನ್ ಮಾರ್ಟ್‌ಲೆಂಡ್, ತಲೆಗೆ ಪದೇಪದೇ ಪೆಟ್ಟು ತಿಂದ ಬಾಕ್ಸರುಗಳ ನಡಿಗೆ, ಮಾತು, ಬುದ್ಧಿ ಹದಗೆಡುವುದನ್ನು ವಿವರಿಸಿದ. ಸೋಲು ಕಲಿಸಬೇಕಾದರೆ ಸೋತವನು ಮರುದಿನ ಕಲಿಯುವ ಸ್ಥಿತಿಯಲ್ಲಿ ಉಳಿದಿರಬೇಕು. ತಲೆಯ ಗುದ್ದು ಆ ಸಾಮರ್ಥ್ಯವನ್ನೇ ತಿನ್ನುತ್ತದೆ. ಕನ್ನಡ ನಾಡಿಗೂ ಗುದ್ದಾಟ ಹೊಸದಲ್ಲ. 1520ರ ಹೊತ್ತಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್, ಮಹಾನವಮಿಯಲ್ಲಿ ಹಲ್ಲು ಮುರಿಯುವಂಥ ಪೆಟ್ಟುಗಳ ಮಲ್ಲಯುದ್ಧ ಕಂಡು ಬರೆದಿದ್ದಾನೆ. ಕೃಷ್ಣದೇವರಾಯ ಮುಂಜಾನೆ ಎಣ್ಣೆ ತಿಕ್ಕಿಸಿಕೊಂಡು ತನ್ನ ಮಲ್ಲರೊಡನೆ ಕುಸ್ತಿ ಹಿಡಿಯುತ್ತಿದ್ದುದನ್ನೂ ದಾಖಲಿಸಿದ್ದಾನೆ. ಮೈಸೂರು ಅರಮನೆಯಲ್ಲಿ ವಿಜಯದಶಮಿಯಂದು ಜಟ್ಟಿಗಳ ವಜ್ರಮುಷ್ಟಿ ಕಾಳಗ ಇಂದಿಗೂ ನಡೆಯುತ್ತದೆ, ತಲೆಯಲ್ಲಿ ರಕ್ತ ಕಂಡ ಕ್ಷಣ ನಿಲ್ಲುತ್ತದೆ. ಆದರೆ ಹಳ್ಳಿ ಹಳ್ಳಿಯಲ್ಲಿ ಬೇರೂರಿದ್ದು ಗುದ್ದಾಟಕ್ಕಿಂತ ಕುಸ್ತಿ. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ತನ್ನ ‘ಮಾನಸೋಲ್ಲಾಸ’ದಲ್ಲಿ ಮಲ್ಲರನ್ನು ದರ್ಜೆಗಳಾಗಿ ವಿಂಗಡಿಸಿ, ಅವರ ಆಹಾರ, ವ್ಯಾಯಾಮಗಳನ್ನು ವಿವರಿಸಿದ, ಸಮಬಲರನ್ನು ಜೋಡಿ ಮಾಡುವ ವಿವೇಕಕ್ಕೆ ಅಷ್ಟು ಹಳೆಯ ಬೇರಿದೆ. ಕುಸ್ತಿಯಲ್ಲಿ ಸೋಲು ಎಂದರೆ ಬೆನ್ನು ಮಣ್ಣಿಗೆ ತಾಗುವುದು. ಆ ಮಣ್ಣನ್ನು ಜರಡಿ ಹಿಡಿದು, ಎಣ್ಣೆ, ಮಜ್ಜಿಗೆ, ಅರಿಶಿನ ಬೆರೆಸಿ ಮೆತ್ತಗೆ ಮಾಡಿರುತ್ತಾರೆ. ಒಂದೇ ಸಂಜೆ ಹತ್ತು ಸಲ ಚಿತ್ ಆದರೂ ಹುಡುಗ ಎದ್ದು ಮೈ ಕೊಡವಿ ಹನ್ನೊಂದನೆಯ ಸಲ ಹಿಡಿಯಬಲ್ಲ. ಸೋಲು ಇಷ್ಟು ಸ್ಪಷ್ಟವಾಗಿಯೂ ಇಷ್ಟು ಅಗ್ಗವಾಗಿಯೂ ಸಿಗುವ ಇನ್ನೊಂದು ಏರ್ಪಾಡು ನನಗೆ ಕಾಣದು. ಬಾಕ್ಸಿಂಗಿಗಿಂತ ಗರಡಿಯೇ ಮೇಲು ಎಂದು ನಾನು ಹೇಳುವುದು ಈ ಕಾರಣಕ್ಕೆ.

ಈಗ ಗೋಪಾಳದಂಥ ಬಡಾವಣೆಯಲ್ಲಿ ಹುಡುಗರು ಮೈ ಬೆಳೆಸಲು ಹೋಗುವುದು ಜಿಮ್ಮಿಗೆ. ಅದು ಒಳ್ಳೆಯದೇ, ಮೂಳೆಗೂ ಹೃದಯಕ್ಕೂ ಲಾಭವಿದೆ, ಎತ್ತುವ ಭಾರದ ಅಂಕಿಯೂ ಪ್ರಾಮಾಣಿಕ. ಆದರೆ ಕಬ್ಬಿಣದ ಬಿಲ್ಲೆ ತಿರುಗಿ ತಳ್ಳುವುದಿಲ್ಲ, ಕಾಲಿಗೆ ಕಾಲು ಕೊಡುವುದಿಲ್ಲ, ಹುಸಿ ಹೆಜ್ಜೆ ಇಟ್ಟು ಮೋಸ ಮಾಡುವುದಿಲ್ಲ. ಆರು ತಿಂಗಳಲ್ಲಿ ತೋಳು ಉಬ್ಬಿದ ಹುಡುಗನಿಗೆ ಆ ತೋಳಿನ ಮಿತಿ ತೋರಿಸುವವರು ಅಲ್ಲಿ ಯಾರೂ ಇಲ್ಲ, ಹಾಗಾಗಿ ಅವನು ಅದನ್ನು ರಸ್ತೆಯಲ್ಲಿ ಪರೀಕ್ಷಿಸಲು ಹೊರಟರೆ ತಪ್ಪು ಅವನೊಬ್ಬನದೇ ಅಲ್ಲ. ಜಿಮ್ಮಿನ ಒಂದು ಮೂಲೆಯಲ್ಲಿ ಕುಸ್ತಿ ಮ್ಯಾಟ್ ಹಾಸಲು ದೊಡ್ಡ ಖರ್ಚಿಲ್ಲ. ಶಿವಮೊಗ್ಗ, ಭದ್ರಾವತಿಗಳಲ್ಲಿ ಹಳೆಯ ಪಟ್ಟುಗಳನ್ನು ಬಲ್ಲ ಹಿರಿಯರು ಇನ್ನೂ ಇದ್ದಾರೆ. ವಾರಕ್ಕೆ ಎರಡು ಸಂಜೆ ಅವರನ್ನು ಕರೆಸಿ, ಹೆಣ್ಣುಮಕ್ಕಳನ್ನೂ ಸೇರಿಸಿ, ತೂಕ ನೋಡಿ ಜೋಡಿ ಮಾಡಿ, ಯಾರು ಯಾರಿಗೆ ಎಷ್ಟು ಸಲ ಚಿತ್ ಆದರು ಎಂದು ಒಂದು ಪುಸ್ತಕದಲ್ಲಿ ಬರೆದಿಡಬೇಕು.